ಅಭಿಪ್ರಾಯ ಬರೆಯಬಾರದ ಪುಸ್ತಕ

ಶಿಕ್ಷಕರಿಗೆ ಕಿರುಕುಳ ಎಂದ ಕೂಡಲೇ ದರ್ಪದ ಮುಖ್ಯೋಪಾಧ್ಯಾಯರೋ ಸಿಡುಕಿನ ಅಧಿಕಾರಿಯೋ ಕಣ್ಣಮುಂದೆ ಬರುತ್ತಾರೆ. ಆದರೆ ಯಾರೂ ಗದರದೆ, ಬರೀ ಲೆಕ್ಕಾಚಾರದಿಂದಲೇ ಮೇಷ್ಟ್ರೊಬ್ಬರ ನಿದ್ದೆ ಕೆಡಿಸಬಹುದು ಎಂದು ನನಗೆ ಮನವರಿಕೆಯಾದದ್ದು ಇಂಗ್ಲೆಂಡಿನ 1862ರ ಪರಿಷ್ಕೃತ ಶಿಕ್ಷಣ ಸಂಹಿತೆಯ ಬಗ್ಗೆ ಓದುವಾಗ.

ಅದನ್ನು ತಂದವನು ರಾಬರ್ಟ್ ಲೋ. ಅನುದಾನ ಇನ್ನು ಮುಂದೆ ಫಲಿತಾಂಶಕ್ಕೆ ತಕ್ಕಷ್ಟು ಎಂಬುದು ಅದರ ತಿರುಳು. ಸರಾಸರಿ ಹಾಜರಾತಿಯ ಮೇಲೆ ಮಗುವೊಂದಕ್ಕೆ 4 ಶಿಲಿಂಗ್. ಆರು ವರ್ಷ ದಾಟಿ, ನಿಗದಿಯಷ್ಟು ದಿನ ಹಾಜರಾದ ಮಗುವಿಗೆ ಇನ್ನೂ 8 ಶಿಲಿಂಗ್. ಆದರೆ ಇನ್‌ಸ್ಪೆಕ್ಟರ ಎದುರು ಓದು, ಬರಹ, ಲೆಕ್ಕಗಳಲ್ಲಿ ಒಂದರಲ್ಲಿ ತಪ್ಪಿದರೂ 2 ಶಿಲಿಂಗ್ 8 ಪೆನ್ಸ್ ಕಡಿತ. ಮೊದಲು ಅರ್ಹತಾಪತ್ರ ಪಡೆದ ಶಿಕ್ಷಕರಿಗೆಂದೇ ಬರುತ್ತಿದ್ದ ಸರ್ಕಾರದ ಹಣ ಈಗ ಆಡಳಿತ ಮಂಡಳಿಯ ಕೈಸೇರಿತು. ಅನೇಕ ಕಡೆ ಸಂಬಳದ ಒಂದು ಪಾಲು ಈ ಅನುದಾನಕ್ಕೇ ಗಂಟುಬಿತ್ತು. ಪರೀಕ್ಷೆಯ ದಿನ ಮಕ್ಕಳು ಜ್ವರ ಬಂದು ಮಲಗಿದರೆ ಮೇಷ್ಟ್ರ ಅನ್ನಕ್ಕೆ ಕಲ್ಲು. ಪಾಠವೆಲ್ಲ ಬಾಯಿಪಾಠವಾಯಿತು. ಕವಿ ಮ್ಯಾಥ್ಯೂ ಆರ್ನಾಲ್ಡ್ ಸ್ವತಃ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದೂ ತನ್ನದೇ ಇಲಾಖೆಯ ಈ ಪದ್ಧತಿಯನ್ನು ಬಹಿರಂಗವಾಗಿ ಟೀಕಿಸಿದ. ಆ ಧೈರ್ಯ ಸಣ್ಣದಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಇನ್ನೊಂದು ಸಣ್ಣ ನಿಯಮ. ಮುಖ್ಯ ಶಿಕ್ಷಕರು ಶಾಲೆಯ ದಿನಚರಿ ಪುಸ್ತಕ ಬರೆಯಲೇಬೇಕು. ಎಷ್ಟು ಮಕ್ಕಳು ಬಂದರು, ಯಾವ ರೋಗ ಹರಡಿತು, ಪಾಠ ಎಲ್ಲಿಗೆ ಬಂತು ಎಂಬುದನ್ನು ಬರೆಯಬಹುದು. ಸಾಮಾನ್ಯ ಸ್ವರೂಪದ ಅನಿಸಿಕೆ, ಅಭಿಪ್ರಾಯಗಳನ್ನು ಬರೆಯುವಂತಿಲ್ಲ! ಇನ್‌ಸ್ಪೆಕ್ಟರ ವರದಿಯ ಸಾರಾಂಶವನ್ನು ಮಾತ್ರ ಅದೇ ಪುಸ್ತಕದಲ್ಲಿ ಅಕ್ಷರಶಃ ನಕಲು ಮಾಡಬೇಕು. ಅಂದರೆ ತಮ್ಮ ಮೇಲಿನ ಟೀಕೆ ತಮ್ಮದೇ ಮೇಜಿನ ಮೇಲೆ ವರ್ಷಗಟ್ಟಲೆ ಉಳಿಯುತ್ತದೆ, ಉತ್ತರಕ್ಕೆ ಜಾಗವಿಲ್ಲ. ಆ ಕಾಲದ ಶಿಕ್ಷಕರ ಮನಸ್ಸನ್ನು ಹುಡುಕುವವರಿಗೆ ಅಲ್ಲಿ ಸಿಗುವುದು ಹೆಚ್ಚಾಗಿ ಹಾಜರಾತಿಯ ಅಂಕಿಗಳೇ.

ಈ ಪದ್ಧತಿ ಹಡಗು ಹತ್ತಿ ಇಲ್ಲಿಗೂ ಬಂತು. ಮದ್ರಾಸ್, ಮುಂಬಯಿ ಪ್ರಾಂತಗಳು ಫಲಿತಾಂಶದ ಅನುದಾನವನ್ನು ಜಾರಿಗೆ ತಂದವು. ಆಗ ಮಂಗಳೂರು, ಬಳ್ಳಾರಿ ಮದ್ರಾಸಿಗೂ ಧಾರವಾಡ, ಬೆಳಗಾವಿ ಮುಂಬಯಿಗೂ ಸೇರಿದ್ದವು. 'ಇನ್‌ಸ್ಪೆಕ್ಷನ್' ಎಂಬ ಪದಕ್ಕೆ ನಮ್ಮ ಶಾಲೆಗಳಲ್ಲಿ ಇಂದಿಗೂ ಅಂಟಿಕೊಂಡಿರುವ ನಡುಕ ಅಷ್ಟು ಹಳೆಯದಿರಬೇಕು ಎಂದು ನನ್ನ ಊಹೆ.

1870ರಲ್ಲಿ ಇಂಗ್ಲೆಂಡಿನ ಪ್ರಾಥಮಿಕ ಶಿಕ್ಷಕರು ರಾಷ್ಟ್ರೀಯ ಸಂಘವೊಂದನ್ನು ಕಟ್ಟಿದರು. ಈ ಪದ್ಧತಿ ತೊಲಗಲಿ ಎಂಬುದು ಅವರ ಮುಖ್ಯ ಬೇಡಿಕೆಗಳಲ್ಲೊಂದು. ಅದು ಪೂರ್ತಿ ಕಳಚಿಬೀಳಲು 1890ರ ದಶಕವೇ ಬರಬೇಕಾಯಿತು. ಅಷ್ಟರೊಳಗೆ 1862ರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದವರ ತಲೆಗೂದಲು ನರೆತಿತ್ತು.