ರಾಕೆಟ್ ರಕೂನ್ ಮತ್ತು ಅಭಿಮಾನದ ಋಣ

2014ರ ಆಗಸ್ಟ್ 1ರಂದು ಅಮೆರಿಕದಲ್ಲಿ ತೆರೆಕಂಡ ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’ ಚಿತ್ರದ ಪಾತ್ರಗಳ ಪಟ್ಟಿಯನ್ನು ಮೊದಲೇ ಯಾರಾದರೂ ಓದಿ ಹೇಳಿದ್ದರೆ ಕೇಳಿದವರಿಗೆ ನಗು ಬರುತ್ತಿತ್ತು. ಹಳೆಯ ಕ್ಯಾಸೆಟ್ ಹಾಡುಗಳಿಗೆ ಹೆಜ್ಜೆ ಹಾಕುತ್ತ ಕಳ್ಳತನ ಮಾಡುವ ಒಬ್ಬ ಮನುಷ್ಯ, ಹಸಿರು ಮೈಯ ಒಬ್ಬ ಹಂತಕಿ, ಹೆಂಡತಿ ಮಗಳನ್ನು ಕಳೆದುಕೊಂಡು ಸೇಡಿಗಾಗಿ ಬದುಕಿರುವ ಒಬ್ಬ ಜಟ್ಟಿ, ಮೂರೇ ಪದಗಳ ಒಂದು ವಾಕ್ಯ ಬಿಟ್ಟರೆ ಬೇರೇನೂ ಆಡದ ಒಂದು ಮರ. ಇವರ ಜೊತೆಗೆ ತನ್ನ ಮೈಯಷ್ಟೇ ದೊಡ್ಡ ಬಂದೂಕು ಹಿಡಿದು ಎಲ್ಲರನ್ನೂ ಬೈಯುವ ಒಂದು ರಕೂನ್. ಕಣ್ಣಿನ ಸುತ್ತ ಕಪ್ಪು ಪಟ್ಟೆ ಇರುವ, ರಾತ್ರಿ ಹೊತ್ತು ಕಸದ ಡಬ್ಬಿ ಕೆದಕುವ ಉತ್ತರ ಅಮೆರಿಕದ ಆ ಪುಟ್ಟ ಪ್ರಾಣಿ ಇಲ್ಲಿ ಅಂತರಿಕ್ಷ ನೌಕೆ ಓಡಿಸುತ್ತದೆ.

ಸ್ಪೈಡರ್‌ಮ್ಯಾನ್, ಹಲ್ಕ್‌ಗಳಂತೆ ಇವರು ಮನೆಮಾತಾದವರಲ್ಲ. ಕಾಮಿಕ್ಸ್ ಓದುವವರಲ್ಲೂ ಎಷ್ಟೋ ಜನಕ್ಕೆ ಇವರ ಪರಿಚಯ ಇರಲಿಲ್ಲ. ಆದರೂ ಮೊದಲ ಮೂರು ದಿನಗಳಲ್ಲಿ ಚಿತ್ರ ಅಮೆರಿಕದಲ್ಲಿ 9.4 ಕೋಟಿ ಡಾಲರ್ ಗಳಿಸಿತು. ಆಗಸ್ಟ್ ತಿಂಗಳಲ್ಲಿ ಅಲ್ಲಿ ಯಾವ ಚಿತ್ರವೂ ಅಷ್ಟು ದೊಡ್ಡ ಆರಂಭ ಕಂಡಿರಲಿಲ್ಲ. ಜಗತ್ತಿನಾದ್ಯಂತ ಒಟ್ಟು ಗಳಿಕೆ 77 ಕೋಟಿ ಡಾಲರ್ ದಾಟಿತು. ಚಿತ್ರದ ಹಾಡುಗಳ ಸಂಕಲನದಲ್ಲಿ ಹೊಸ ಹಾಡು ಒಂದೂ ಇರಲಿಲ್ಲ. ಎಲ್ಲವೂ 1960 ಮತ್ತು 70ರ ದಶಕದವು. ಅದೂ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ಚಿತ್ರಮಂದಿರದಿಂದ ಹೊರಬಂದ ಮಕ್ಕಳು ರಕೂನ್ ಮತ್ತು ಮರದ ಗೊಂಬೆ ಕೊಡಿಸಿ ಎಂದು ಹಟ ಹಿಡಿದರು.

ಈ ಅಭಿಮಾನವನ್ನು ಹೊಸದೆಂದು ಅನೇಕರು ಭಾವಿಸಿದರು. ಆದರೆ ಇದರ ಬೇರುಗಳು ಹಳೆಯವು. ಆ ಬೇರುಗಳನ್ನು ಹಿಡಿದು ಹೋದರೆ, ಚಿತ್ರ ಬಿಡುಗಡೆಯಾದಾಗ ನ್ಯೂಯಾರ್ಕಿನ ಆರೈಕೆ ಕೇಂದ್ರವೊಂದರಲ್ಲಿ ಹಾಸಿಗೆ ಹಿಡಿದು ಇಪ್ಪತ್ತೆರಡು ವರ್ಷ ಕಳೆದಿದ್ದ ಒಬ್ಬ ಲೇಖಕನ ಬಳಿಗೆ ಬರುತ್ತೇವೆ. ಅವರ ಹೆಸರು ಬಿಲ್ ಮಾಂಟ್ಲೊ.

ತಂಡದ ಎಲ್ಲರಿಗಿಂತ ಹಿರಿಯ ಗ್ರೂಟ್ ಎಂಬ ಮರ. 1960ರಲ್ಲಿ ‘ಟೇಲ್ಸ್ ಟು ಅಸ್ಟಾನಿಶ್’ ಪತ್ರಿಕೆಯ 13ನೇ ಸಂಚಿಕೆಯಲ್ಲಿ, ಚಿತ್ರಕಾರ ಜ್ಯಾಕ್ ಕರ್ಬಿಯ ಕೈಯಲ್ಲಿ, ಅದು ಊರೊಂದನ್ನು ಹೊತ್ತೊಯ್ಯಲು ಬಂದ ರಾಕ್ಷಸನಾಗಿ ಹುಟ್ಟಿತು. ಕತೆಯ ಕೊನೆಗೆ ವಿಜ್ಞಾನಿಯೊಬ್ಬ ಗೆದ್ದಲು ಬಿಟ್ಟು ಅದನ್ನು ಮುಗಿಸುತ್ತಾನೆ. ‘ಗಾರ್ಡಿಯನ್ಸ್’ ಎಂಬ ಹೆಸರು ಬಂದದ್ದು 1969ರಲ್ಲಿ. ಆರ್ನಲ್ಡ್ ಡ್ರೇಕ್ ಬರೆದು ಜೀನ್ ಕೋಲನ್ ಚಿತ್ರಿಸಿದ ಆ ತಂಡ 31ನೇ ಶತಮಾನದ್ದು, ಅದರ ಸದಸ್ಯರೇ ಬೇರೆ. ಡ್ರ್ಯಾಕ್ಸ್ ಮತ್ತು ಖಳನಾಯಕ ಥಾನೋಸ್ 1973ರಲ್ಲಿ, ಗಮೋರಾ 1975ರಲ್ಲಿ ಜಿಮ್ ಸ್ಟಾರ್ಲಿನ್ ಅವರ ಕಲ್ಪನೆಯಿಂದ ಬಂದರು. 1976ರಲ್ಲಿ ‘ಮಾರ್ವೆಲ್ ಪ್ರಿವ್ಯೂ’ ಪತ್ರಿಕೆಯ 4ನೇ ಸಂಚಿಕೆಯಲ್ಲಿ ಸ್ಟೀವ್ ಎಂಗಲ್‌ಹಾರ್ಟ್ ಮತ್ತು ಸ್ಟೀವ್ ಗ್ಯಾನ್ ಸ್ಟಾರ್-ಲಾರ್ಡ್‌ನನ್ನು ತಂದರು.

ಅದೇ ವರ್ಷ ಅದೇ ಪತ್ರಿಕೆಯ 7ನೇ ಸಂಚಿಕೆಯ ಕೊನೆಯ ಪುಟಗಳಲ್ಲಿ, ಮುಖ್ಯ ಕತೆಯ ಹಿಂದೆ ಸೇರಿಸಿದ್ದ ಒಂದು ಚಿಕ್ಕ ಧಾರಾವಾಹಿಯಲ್ಲಿ, ಮಾತಾಡುವ ರಕೂನ್ ಕಾಣಿಸಿಕೊಂಡಿತು. ಬರೆದವರು ಬಿಲ್ ಮಾಂಟ್ಲೊ, ಚಿತ್ರ ಬಿಡಿಸಿದವರು ಆಗಷ್ಟೇ ವೃತ್ತಿಗೆ ಬಂದಿದ್ದ ಕೀತ್ ಗಿಫೆನ್. ಬೀಟಲ್ಸ್‌ನ 1968ರ ಹಾಡೊಂದರಲ್ಲಿ ಬರುವ ರಾಕಿ ರಕೂನ್ ಎಂಬ ಹೆಸರನ್ನೇ ತಮಾಷೆಗೆ ಇಟ್ಟಿದ್ದರು.

ಮಾಂಟ್ಲೊ ಹುಟ್ಟಿದ್ದು 1951ರಲ್ಲಿ, ಬ್ರೂಕ್ಲಿನ್‌ನಲ್ಲಿ. ಕೂಪರ್ ಯೂನಿಯನ್‌ನಲ್ಲಿ ಕಲೆ ಕಲಿತು 1974ರ ಸುಮಾರಿಗೆ ಮಾರ್ವೆಲ್ ಕಚೇರಿಯ ಮುದ್ರಣ ವಿಭಾಗಕ್ಕೆ ಸಹಾಯಕನಾಗಿ ಸೇರಿದರು. ಚಿಕ್ಕಂದಿನಿಂದ ಕಾಮಿಕ್ಸ್ ಓದಿ ಬೆಳೆದ ಹುಡುಗನಿಗೆ ಅದೇ ಮನೆಯಲ್ಲಿ ಕೆಲಸ. ಆಗ ಲೇಖಕರು ಗಡುವು ತಪ್ಪಿಸುವುದು ಮಾಮೂಲಾಗಿತ್ತು. ಸಂಚಿಕೆ ಖಾಲಿ ಹೋಗಬಾರದೆಂದು ಯಾವ ಪಾತ್ರಕ್ಕಾದರೂ ಒಂದು ಬಿಡಿ ಕತೆ ಬರೆದಿಡುವವರು ಬೇಕಿತ್ತು. ಮಾಂಟ್ಲೊ ಆ ಕೆಲಸ ಹಿಡಿದರು. ಬೇರೆಯವರ ಜಾಗ ತುಂಬುವವನೆಂದೇ ಹೆಸರಾದರು. ಆದರೆ ಅವರ ಪ್ರೀತಿ ಇದ್ದದ್ದು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಪಾತ್ರಗಳ ಮೇಲೆ. ತಮ್ಮ ಮಗನಿಗೆ ಕ್ರಿಸ್‌ಮಸ್‌ಗೆ ಬಂದ ಆಟಿಕೆಗಳನ್ನು ನೋಡಿ ‘ಮೈಕ್ರೊನಾಟ್ಸ್’ ಎಂಬ ಸರಣಿ ಹೊಳೆಯಿತು. ಇನ್ನೊಂದು ಆಟಿಕೆಯಿಂದ ‘ರಾಮ್’ ಎಂಬ ಅಂತರಿಕ್ಷ ಯೋಧನ ಕತೆ ಬಂತು. ಎರಡೂ 1979ರಲ್ಲಿ ಶುರುವಾದವು. ‘ರಾಮ್’ 75 ಸಂಚಿಕೆ ನಡೆಯಿತು, ಅಷ್ಟನ್ನೂ ಅವರೇ ಬರೆದರು. ಆಟಿಕೆ ಮಾರುವುದಕ್ಕಾಗಿ ಹೊರಟ ಕತೆಯಲ್ಲಿ ಅವರು ಒಂಟಿತನ, ತ್ಯಾಗ, ಮನೆ ಬಿಟ್ಟು ಬಂದವನ ಸಂಕಟ ತುಂಬಿದರು. ಆಟಿಕೆ ಮರೆತುಹೋದ ಮೇಲೂ ಓದುಗರು ಕತೆಯನ್ನು ಮರೆಯಲಿಲ್ಲ.

1982ರಲ್ಲಿ ಹಲ್ಕ್ ಪತ್ರಿಕೆಯ 271ನೇ ಸಂಚಿಕೆಗೆ ಅವರು ತಮ್ಮ ರಕೂನನ್ನು ಮತ್ತೆ ಕರೆತಂದರು. ಈ ಸಲ ಅವನ ಹೆಸರು ರಾಕೆಟ್ ರಕೂನ್. 1985ರಲ್ಲಿ ಅವನಿಗೆ ನಾಲ್ಕು ಸಂಚಿಕೆಗಳ ಸ್ವಂತ ಸರಣಿ ಸಿಕ್ಕಿತು. ಮುಂದೆ ‘ಹೆಲ್‌ಬಾಯ್’ನಿಂದ ಪ್ರಸಿದ್ಧರಾದ ಮೈಕ್ ಮಿನ್ಯೋಲಾ ಅದಕ್ಕೆ ಚಿತ್ರ ಬಿಡಿಸಿದರು. ಕತೆ ನಡೆಯುವುದು ಹಾಫ್‌ವರ್ಲ್ಡ್ ಎಂಬಲ್ಲಿ. ಅದು ಹಿಂದೊಮ್ಮೆ ಮಾನಸಿಕ ರೋಗಿಗಳಿಗಾಗಿ ಮಾಡಿದ ವಸಾಹತು. ವೈದ್ಯರು ಬಿಟ್ಟುಹೋದ ಮೇಲೆ ರೋಗಿಗಳ ಆರೈಕೆ ಯಂತ್ರಗಳ ಪಾಲಿಗೆ ಬಂತು. ಯಂತ್ರಗಳು ಅಲ್ಲಿನ ಪ್ರಾಣಿಗಳಿಗೆ ಬುದ್ಧಿ ಮತ್ತು ಮಾತು ಕೊಟ್ಟು ಆ ಹೊರೆಯನ್ನು ಅವುಗಳಿಗೆ ಒಪ್ಪಿಸಿದವು. ಮನುಷ್ಯರು ಕೈಬಿಟ್ಟ ರೋಗಿಗಳನ್ನು ಕಾಯುವ ಪ್ರಾಣಿಗಳಲ್ಲಿ ರಾಕೆಟ್ ಒಬ್ಬ, ಅವನ ಗೆಳತಿ ಲೈಲಾ ಎಂಬ ನೀರುನಾಯಿ ಇನ್ನೊಬ್ಬಳು. ಮಕ್ಕಳ ತಮಾಷೆಯಂತೆ ಕಾಣುವ ಈ ಕತೆಯ ಒಳಗೆ, ಆರೈಕೆಯ ಹೊಣೆ ಯಾರದು ಎಂಬ ಪ್ರಶ್ನೆ ಕೂತಿತ್ತು.

ಆ ಪ್ರಶ್ನೆ ಲೇಖಕರ ಬದುಕಿಗೇ ಬಂದು ತಾಗಿತು. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಮಾಂಟ್ಲೊಗೆ ಕಾಮಿಕ್ಸ್ ಕೆಲಸ ಕಡಿಮೆಯಾಯಿತು. ಅವರು ಕಾನೂನು ಓದಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ವಕೀಲರನ್ನು ಇಟ್ಟುಕೊಳ್ಳಲಾಗದ ಬಡವರ ಪರವಾಗಿ ವಾದಿಸುವ ಕೆಲಸಕ್ಕೆ ಸೇರಿದರು. 1992ರ ಜುಲೈ 17ರಂದು ಅವರು ರೋಲರ್‌ಬ್ಲೇಡ್ ಹಾಕಿಕೊಂಡು ರಸ್ತೆಯಲ್ಲಿ ಹೋಗುತ್ತಿದ್ದಾಗ ಕಾರೊಂದು ಗುದ್ದಿ ಹೊರಟುಹೋಯಿತು. ಚಾಲಕ ಸಿಗಲೇ ಇಲ್ಲ. ತಲೆಗೆ ಬಿದ್ದ ಪೆಟ್ಟಿನಿಂದ ಅವರು ಕೋಮಾಕ್ಕೆ ಹೋದರು. ಎಚ್ಚರವಾದರೂ ಮಿದುಳು ಮೊದಲಿನಂತಾಗಲಿಲ್ಲ. ಆಗ ಅವರಿಗೆ ನಲವತ್ತು ವರ್ಷ. ಚಿಕಿತ್ಸೆಯ ಖರ್ಚಿಗಾಗಿ ಕುಟುಂಬ ವಿಮೆಯವರೊಡನೆ ವರ್ಷಗಟ್ಟಲೆ ಹೆಣಗಿತು. ತಮ್ಮ ಮೈಕಲ್ ಅವರ ಆರೈಕೆಯ ಹೊಣೆ ಹೊತ್ತರು.

ಇಲ್ಲಿ ಅಮೆರಿಕದ ಕಾಮಿಕ್ಸ್ ಉದ್ಯಮದ ಒಂದು ಹಳೆಯ ಪದ್ಧತಿಯನ್ನು ನೆನೆಯಬೇಕು. ಲೇಖಕನಿಗೆ, ಚಿತ್ರಕಾರನಿಗೆ ಪುಟಕ್ಕೆ ಇಷ್ಟು ಎಂದು ಕೂಲಿ, ಪಾತ್ರದ ಒಡೆತನ ಮಾತ್ರ ಕಂಪನಿಯದು. 1938ರಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ 130 ಡಾಲರ್‌ಗೆ ಸೂಪರ್‌ಮ್ಯಾನ್ ಹಕ್ಕನ್ನು ಬಿಟ್ಟುಕೊಟ್ಟರು. ಇಳಿವಯಸ್ಸಿನಲ್ಲಿ ಬಡತನದಲ್ಲಿದ್ದ ಅವರ ಪರವಾಗಿ ದೊಡ್ಡ ಸದ್ದೆದ್ದ ಮೇಲೆ, 1975ರಲ್ಲಿ ಅವರಿಗೆ ಪಿಂಚಣಿ ಸಿಕ್ಕಿತು. ಬ್ಯಾಟ್‌ಮ್ಯಾನ್‌ಗೆ ರೂಪ ಕೊಟ್ಟವರಲ್ಲಿ ಒಬ್ಬರಾದ ಬಿಲ್ ಫಿಂಗರ್ 1974ರಲ್ಲಿ ತೀರಿಕೊಂಡರು, ಅವರ ಹೆಸರು ಅಧಿಕೃತವಾಗಿ ಅಚ್ಚಾಗತೊಡಗಿದ್ದು 2015ರಲ್ಲಿ. ಇಂಥ ಲೋಕದಲ್ಲಿ ಒಂದು ಪಾತ್ರ ಎಷ್ಟು ಬೆಳೆದರೂ, ಹುಟ್ಟಿಸಿದವರ ಹೆಸರು ನೆನಪಿನಲ್ಲಿ ಉಳಿಯುವುದು ಓದುಗರಿಂದಲೇ.

ಹಾಗೆ ನೆನಪಿಟ್ಟುಕೊಂಡವರು ಇದ್ದರು. 2007ರಲ್ಲಿ ಮಾಂಟ್ಲೊ ಅವರ ಬದುಕು ಬರಹದ ಕುರಿತು ಒಂದು ಪುಸ್ತಕ ಬಂತು, ಅದರ ಆದಾಯ ಅವರ ಆರೈಕೆಗೆ. ಅದೇ ವರ್ಷ ಪೋರ್ಟ್‌ಲ್ಯಾಂಡ್‌ನ ಕಾಮಿಕ್ಸ್ ಅಂಗಡಿಯೊಂದರಲ್ಲಿ, ‘ರಾಮ್’ ಓದಿ ಬೆಳೆದ ಹಲವು ಚಿತ್ರಕಾರರು ಆ ಯೋಧನನ್ನು ತಮ್ಮ ತಮ್ಮ ಶೈಲಿಯಲ್ಲಿ ಬಿಡಿಸಿ, ಮಾರಾಟದ ಹಣವನ್ನು ಅವರಿಗೆಂದು ತೆಗೆದಿಟ್ಟರು. 2011ರಲ್ಲಿ ವಿಮಾ ಕ್ಷೇತ್ರದ ಪತ್ರಿಕೆಯೊಂದು ಅವರ ಕತೆಯನ್ನು ವಿವರವಾಗಿ ಪ್ರಕಟಿಸಿದಾಗ ಅದು ಕೈಯಿಂದ ಕೈಗೆ ಹರಿಯಿತು. ಬಾಲ್ಯದಲ್ಲಿ ಅವರ ಕತೆ ಓದಿದ್ದವರು, ಆಗ ಲೇಖಕನ ಹೆಸರನ್ನೂ ಗಮನಿಸದಿದ್ದವರು, ಕೈಲಾದಷ್ಟು ಹಣ ಕಳಿಸಿದರು.

ಇತ್ತ ರಾಕೆಟ್‌ಗೂ ಮರುಹುಟ್ಟು ಬಂದಿತ್ತು, ಅದೂ ಅವನನ್ನು ಮೊದಲು ಚಿತ್ರಿಸಿದವರ ಕೈಯಲ್ಲೇ. ಕೀತ್ ಗಿಫೆನ್ 2007ರಲ್ಲಿ ಸ್ಟಾರ್-ಲಾರ್ಡ್‌ನ ಒಂದು ಕಿರು ಸರಣಿ ಬರೆದರು. ಅದರಲ್ಲಿ ಅವನ ಜೊತೆಗೆ ಕೈಕೋಳ ತೊಟ್ಟವರ ತಂಡವೊಂದನ್ನು ಕಟ್ಟಬೇಕಿತ್ತು. ಮೂಲೆ ಸೇರಿದ್ದ ಪಾತ್ರಗಳನ್ನು ಅವರು ಹೆಕ್ಕಿದರು. ಗೆದ್ದಲಿಗೆ ಬಲಿಯಾಗಿದ್ದ ಗ್ರೂಟ್, ಇಪ್ಪತ್ತು ವರ್ಷ ಯಾರೂ ಹೆಚ್ಚು ಕೇಳದಿದ್ದ ರಾಕೆಟ್, ಮಾಂಟ್ಲೊ ಅವರದೇ ‘ಮೈಕ್ರೊನಾಟ್ಸ್’ನಿಂದ ಬಗ್ ಒಟ್ಟಾದರು. ಮರದ ಹೆಗಲ ಮೇಲೆ ರಕೂನ್ ಕೂರುವ ಜೋಡಿಗೆ ಅಲ್ಲಿಂದ ದಾರಿಯಾಯಿತು. 2008ರಲ್ಲಿ ಡಾನ್ ಆಬ್ನೆಟ್ ಮತ್ತು ಆಂಡಿ ಲ್ಯಾನಿಂಗ್ ಇವರಲ್ಲಿ ಕೆಲವರನ್ನು ಗಮೋರಾ, ಡ್ರ್ಯಾಕ್ಸ್ ಜೊತೆ ಸೇರಿಸಿ 1969ರ ಹಳೆಯ ಹೆಸರನ್ನೇ ಕೊಟ್ಟರು. ಆ ಸರಣಿ 25 ಸಂಚಿಕೆ ನಡೆದು ನಿಂತಿತು. ಮಾರಾಟ ದೊಡ್ಡದಲ್ಲ, ಓದಿದವರ ಅಕ್ಕರೆ ಮಾತ್ರ ದೊಡ್ಡದು.

2009ರಲ್ಲಿ ಮಾರ್ವೆಲ್ ಸ್ಟುಡಿಯೋ ಹೊಸ ಚಿತ್ರಕತೆಗಾರರಿಗಾಗಿ ಒಂದು ತರಬೇತಿ ಯೋಜನೆ ನಡೆಸುತ್ತಿತ್ತು. ಅದಕ್ಕೆ ಸೇರಿದ ನಿಕೋಲ್ ಪರ್ಲ್‌ಮನ್ ಮುಂದೆ, ಹೆಚ್ಚು ಪ್ರಸಿದ್ಧವಲ್ಲದ ಕೆಲವು ಕಾಮಿಕ್ಸ್ ಇಟ್ಟು, ಒಂದನ್ನು ಆರಿಸಿಕೊಳ್ಳಿ ಎಂದರು. ಬಾಹ್ಯಾಕಾಶದ ಹುಚ್ಚಿದ್ದ ಅವರು ‘ಗಾರ್ಡಿಯನ್ಸ್’ ಆರಿಸಿದರು, ಸುಮಾರು ಎರಡು ವರ್ಷ ಅದರ ಮೇಲೆ ಕೂತರು. ಮುಂದೆ ನಿರ್ದೇಶಕರಾಗಿ ಬಂದ ಜೇಮ್ಸ್ ಗನ್ ಚಿತ್ರಕತೆಯನ್ನು ತಮ್ಮ ದಾರಿಗೆ ತಿದ್ದಿಕೊಂಡರು. ತೆರೆಯ ಮೇಲೆ ಇಬ್ಬರ ಹೆಸರೂ ಬಂತು. ಮಾರ್ವೆಲ್ ಸ್ಟುಡಿಯೋದ ಚಿತ್ರಕ್ಕೆ ಕತೆಗಾರ್ತಿಯಾಗಿ ಹೆಸರು ಪಡೆದ ಮೊದಲ ಮಹಿಳೆ ಪರ್ಲ್‌ಮನ್.

ತಮಾಷೆಗೆಂದು ಹುಟ್ಟಿದ ರಾಕೆಟ್‌ನನ್ನು ಗನ್ ತಮಾಷೆಯ ವಸ್ತುವಾಗಿ ನೋಡಲಿಲ್ಲ. ಮಾತಾಡುವ ರಕೂನ್ ನಿಜಕ್ಕೂ ಇದ್ದರೆ, ತನ್ನಂಥ ಇನ್ನೊಂದು ಜೀವ ಎಲ್ಲೂ ಇಲ್ಲದ ಅದಕ್ಕೆ ಎಂಥ ಏಕಾಂತ ಇರಬಹುದು ಎಂಬಲ್ಲಿಂದ ಅವರು ಹೊರಟರು. ಸೆರೆಮನೆಯ ದೃಶ್ಯದಲ್ಲಿ ರಾಕೆಟ್‌ನ ಬೆನ್ನಿಗೆ ಚುಚ್ಚಿದ ಲೋಹದ ತುಂಡುಗಳು ಒಂದು ಕ್ಷಣ ಕಾಣುತ್ತವೆ. ಮುಂದೊಮ್ಮೆ ಕುಡಿದ ಅಮಲಿನಲ್ಲಿ, ತನ್ನನ್ನು ಹೀಗೆ ಕುಯ್ದು ಜೋಡಿಸಿ ಎಂದು ತಾನು ಯಾರನ್ನೂ ಕೇಳಿರಲಿಲ್ಲ ಎಂದು ಅವನು ಒಡೆದುಹೋಗುತ್ತಾನೆ. ಚಿತ್ರ ನೋಡಿ ನಗುತ್ತಿದ್ದವರು ಅಲ್ಲಿ ಸುಮ್ಮನಾದರು. ಅಭಿಮಾನ ಗಟ್ಟಿಯಾದದ್ದು ಅಲ್ಲಿ. ಆಕಾಶದ ಕಾಳಗಗಳು ಬೇರೆ ಚಿತ್ರಗಳಲ್ಲೂ ಇದ್ದವು.

ಚಿತ್ರ ಬಿಡುಗಡೆಗೆ ಒಂದು ವಾರ ಮುಂಚೆ, ಸ್ಯಾನ್ ಡಿಯಾಗೋದ ಕಾಮಿಕ್ಸ್ ಸಮಾವೇಶದಲ್ಲಿ, ಅರ್ಹ ಮನ್ನಣೆ ಸಿಗದ ಲೇಖಕರಿಗೆಂದು ಬಿಲ್ ಫಿಂಗರ್ ಹೆಸರಿನಲ್ಲಿ ಇರುವ ಪ್ರಶಸ್ತಿಯನ್ನು ಮಾಂಟ್ಲೊಗೆ ಕೊಟ್ಟರು. ಮಾರ್ವೆಲ್ ಅವರಿಗಾಗಿಯೇ ಚಿತ್ರದ ಖಾಸಗಿ ಪ್ರದರ್ಶನ ಏರ್ಪಡಿಸಿತು. ಅಣ್ಣ ಚಿತ್ರವನ್ನು ಬಹಳ ಮೆಚ್ಚಿದರೆಂದು ಮೈಕಲ್ ಅಭಿಮಾನಿಗಳಿಗೆ ತಿಳಿಸಿದರು. ಚಿತ್ರದ ಕೊನೆಯ ಹೆಸರುಗಳ ಸಾಲಿನಲ್ಲಿ ರಾಕೆಟ್ ರಕೂನ್‌ನ ಸೃಷ್ಟಿಕರ್ತರೆಂದು ಮಾಂಟ್ಲೊ ಮತ್ತು ಗಿಫೆನ್ ಹೆಸರುಗಳಿವೆ.

ಇಷ್ಟರಿಂದ ಎಲ್ಲ ಸರಿಹೋಯಿತು ಎನ್ನುವಂತಿಲ್ಲ. ಥಾನೋಸ್, ಗಮೋರಾ, ಡ್ರ್ಯಾಕ್ಸ್ ಮೂವರನ್ನೂ ಕೊಟ್ಟ ಜಿಮ್ ಸ್ಟಾರ್ಲಿನ್ 2017ರಲ್ಲಿ ಒಂದು ಮಾತು ಬಹಿರಂಗವಾಗಿ ಹೇಳಿದರು. ಪ್ರತಿಸ್ಪರ್ಧಿ ಕಂಪನಿಯ ಒಂದು ಚಿತ್ರದಲ್ಲಿ ಬಂದ ತಮ್ಮ ಸಣ್ಣ ಪಾತ್ರವೊಂದಕ್ಕೆ ಸಿಕ್ಕ ಹಣ, ಈ ಮೂವರಿಗೂ ಸೇರಿ ಮಾರ್ವೆಲ್‌ನಿಂದ ಬಂದದ್ದಕ್ಕಿಂತ ಹೆಚ್ಚು ಎಂದರು. ಆ ಮೇಲೆ ಮಾತುಕತೆ ನಡೆದು ಒಪ್ಪಂದ ಬದಲಾಯಿತು. ಕೇಳಿದವರಿಗೆ, ಅದೂ ಅಭಿಮಾನಿಗಳ ಎದುರು ಕೇಳಿದವರಿಗೆ, ಸಿಗುತ್ತದೆ. ಕೇಳಲಾರದ ಸ್ಥಿತಿಯಲ್ಲಿ ಇದ್ದವರ ಪರವಾಗಿ ಬೇರೆ ಯಾರಾದರೂ ಕೇಳಬೇಕು. ಮಾಂಟ್ಲೊ ಪರವಾಗಿ ತಮ್ಮ ಮತ್ತು ಓದುಗರು ಕೇಳಿದರು. ಹಾಗೆ ಕೇಳುವವರು ಎಲ್ಲ ಲೇಖಕರಿಗೂ ಇರುವುದಿಲ್ಲ.

ಮೊದಲ ಚಿತ್ರದಲ್ಲಿ ಯಾರಾದರೂ ರಕೂನ್ ಎಂದರೆ ರಾಕೆಟ್ ಸಿಡುಕುತ್ತಾನೆ, ಅಂಥದ್ದೊಂದು ಪ್ರಾಣಿ ಇದೆಯೆಂದೇ ಒಪ್ಪುವುದಿಲ್ಲ. 2023ರ ಮೇ ತಿಂಗಳಲ್ಲಿ ಬಂದ ಮೂರನೇ ಚಿತ್ರ ಪೂರ್ತಿ ಅವನ ಬಾಲ್ಯದ ಸುತ್ತ ನಡೆಯುತ್ತದೆ. ಹಾಫ್‌ವರ್ಲ್ಡ್‌ನ ಲೈಲಾ ಅಲ್ಲಿ ಯಂತ್ರದ ಕೈಗಳ ನೀರುನಾಯಿಯಾಗಿ, ಪಂಜರದಲ್ಲಿ ಅವನ ಮೊದಲ ಗೆಳತಿಯಾಗಿ ಬರುತ್ತಾಳೆ. ಕೊನೆಗೆ ಪಂಜರವೊಂದರ ಮೇಲಿನ ಚೀಟಿ ಓದಿ ತಾನು ಯಾವ ಜಾತಿಯ ಪ್ರಾಣಿ ಎಂದು ಅವನಿಗೆ ಗೊತ್ತಾಗುತ್ತದೆ. ಆಮೇಲೆ ತನ್ನನ್ನು ಹಿಂಸಿಸಿದವನ ಎದುರು ನಿಂತು ಪೂರ್ತಿ ಹೆಸರು ಹೇಳುತ್ತಾನೆ: ರಾಕೆಟ್ ರಕೂನ್. 1982ರಲ್ಲಿ ಬಿಲ್ ಮಾಂಟ್ಲೊ ಇಟ್ಟ ಹೆಸರು ಅದು. ಚಿತ್ರ ಬಂದ ಐದು ತಿಂಗಳಿಗೆ, ಅಕ್ಟೋಬರ್‌ನಲ್ಲಿ, ಕೀತ್ ಗಿಫೆನ್ ತೀರಿಕೊಂಡರು. ಅವನಿಗೆ ಮೊದಲು ಮುಖ ಬರೆದವರು ಅವರು.