ಬಡವರ ಬಾದಾಮಿ ಮತ್ತು ಅಜ್ಜನ ತಟ್ಟೆ

ಚಿಕ್ಕೋಡಿ, ನಿಪ್ಪಾಣಿ ಕಡೆಯ ಸಂತೆಗಳಲ್ಲಿ ಒಂದೇ ಕಾಳಿಗೆ ಮೂರು ಹೆಸರು. ಕನ್ನಡದವರಿಗೆ ಶೇಂಗಾ, ಮರಾಠಿಯವರಿಗೆ ಭುಯಿಮೂಗ್, ಉರ್ದು ಮಾತಾಡುವವರಿಗೆ ಮೂಂಗ್‌ಫಲಿ. ನಮ್ಮದೆಂದೇ ನಾವು ತಿಳಿದಿರುವ ಶೇಂಗಾ ಎಂಬ ಹೆಸರೂ ಮರಾಠಿಯ ‘ಶೇಂಗ್’ ಎಂಬುದರ ನಂಟಿನದು.

ಬೆಳೆಯಂತೂ ಇನ್ನೂ ದೂರದ್ದು. ಅದರ ತವರು ದಕ್ಷಿಣ ಅಮೆರಿಕ. ಮೆಣಸಿನಕಾಯಿಯೂ ಆ ಕಡೆಯದೇ. 1490ರಲ್ಲಿ ಬಿಜಾಪುರದಲ್ಲಿ ಆದಿಲಶಾಹಿ ಆಳ್ವಿಕೆ ಶುರುವಾದಾಗ ಈ ಸೀಮೆಯ ಅಡುಗೆಮನೆಗಳಲ್ಲಿ ಎರಡೂ ಇರಲಿಲ್ಲ. ಬಸವಣ್ಣನವರ ಕಾಲದವರು ಶೇಂಗಾ ಹಿಂಡಿಯಿಲ್ಲದೆಯೇ ರೊಟ್ಟಿ ಉಂಡರೆಂಬುದನ್ನು ಇಂದು ಇಲ್ಲಿ ಯಾರು ನಂಬಿಯಾರು? ಕಡಲ ವ್ಯಾಪಾರದ ದಾರಿಯಲ್ಲಿ ಬಂದ ಶೇಂಗಾಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಮಾರ್ಸೇಯ್ ಬಂದರಿನ ಎಣ್ಣೆ, ಸಾಬೂನು ಕಾರ್ಖಾನೆಗಳು ದೊಡ್ಡ ಗಿರಾಕಿಗಳಾದವು. ಕಾಳಿನಲ್ಲಿ ಅರ್ಧದಷ್ಟು ಎಣ್ಣೆ, ಕಾಲು ಭಾಗ ಪ್ರೋಟೀನು. ಗಾಣದಿಂದ ಹೊರಬಂದ ಹಿಂಡಿ ದನಕ್ಕೆ, ಒರಳಲ್ಲಿ ಕುಟ್ಟಿದ ಹಿಂಡಿ ಮನುಷ್ಯರಿಗೆ. ನಮ್ಮ ಜನ ಎರಡಕ್ಕೂ ಒಂದೇ ಹೆಸರಿಟ್ಟರು.

ವಯಸ್ಸಾದವರಿಗೆ ಎಣ್ಣೆಕಾಳು ಭಾರ, ಬೊಜ್ಜು ಬರುತ್ತದೆ ಎಂಬ ಮಾತನ್ನು ನಾವು ಕೇಳುತ್ತಲೇ ಬಂದಿದ್ದೇವೆ. ಸ್ಪೇನಿನ ಬಾರ್ಸಿಲೋನಾ ಮತ್ತು ಅಮೆರಿಕದ ಲೋಮಾ ಲಿಂಡಾದಲ್ಲಿ 63ರಿಂದ 79 ವಯಸ್ಸಿನ 708 ಆರೋಗ್ಯವಂತ ಹಿರಿಯರನ್ನು ಆರಿಸಿ, ಅರ್ಧದಷ್ಟು ಮಂದಿಗೆ ಎರಡು ವರ್ಷ ದಿನಕ್ಕೆ 30ರಿಂದ 60 ಗ್ರಾಂ ಅಖ್ರೋಟು ತಿನ್ನಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅವರ ಕೆಟ್ಟ ಕೊಲೆಸ್ಟ್ರಾಲು ಡೆಸಿಲೀಟರಿಗೆ ಸುಮಾರು 4 ಮಿಲಿಗ್ರಾಂ ಇಳಿಯಿತು. ಇಳಿತ ಸಣ್ಣದು, ಆದರೆ ತೂಕ ಹೇಳಿಕೊಳ್ಳುವಂತೆ ಏರಲಿಲ್ಲ ಎಂಬುದು ಗಮನಿಸಬೇಕಾದದ್ದು. ಇಂಥ ಕಾಳು ತಿಂದರೆ ಬೇಗ ಹೊಟ್ಟೆ ತುಂಬುತ್ತದೆ, ಬೇರೆ ತಿನಿಸು ತಾನಾಗಿ ಕಡಿಮೆಯಾಗುತ್ತದೆ. ಜೊತೆಗೆ ಇಡೀ ಕಾಳಿನ ಕೊಬ್ಬಿನ ಒಂದು ಪಾಲು ಜೀವಕೋಶದ ಗೋಡೆಯೊಳಗೇ ಉಳಿದು, ಜೀರ್ಣವಾಗದೆ ಹೊರಹೋಗುತ್ತದೆ.

ಅಖ್ರೋಟಿನ ಲೆಕ್ಕವನ್ನು ಶೇಂಗಾದ ಖಾತೆಗೆ ಹಾಗೆಯೇ ಬರೆಯಲಾಗದು. ಅಖ್ರೋಟಿನಲ್ಲಿರುವ ಒಮೆಗಾ-3 ಕೊಬ್ಬು ಶೇಂಗಾದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸಸ್ಯಶಾಸ್ತ್ರದ ಪ್ರಕಾರ ಶೇಂಗಾ ಹೆಸರು, ತೊಗರಿಯ ಬಳಗದ್ದು. ಆದರೂ ಅದರ ಎಣ್ಣೆಯ ಹೆಚ್ಚಿನ ಪಾಲು ಹೃದಯಕ್ಕೆ ಹಿತವಾದ ಬಗೆಯದೇ. ಹಲ್ಲುದುರಿದ ಅಜ್ಜನ ಹಿಂಡಿಯಲ್ಲಿ ಆ ಗೋಡೆಗಳು ಮೊದಲೇ ಒಡೆದಿರುವುದರಿಂದ ಎಣ್ಣೆ ಹೆಚ್ಚು ಮೈಗೂಡುತ್ತದೆ. ಸೊರಗಿದ ದೇಹಕ್ಕೆ ಅದು ಒಳಿತು, ದಪ್ಪಗಿನವರು ಚಮಚ ಎಣಿಸಬೇಕು.

ಬದಲಾದದ್ದು ಶೇಂಗಾ ಅಲ್ಲ, ಅದರ ಸುತ್ತಲಿನದು. ಉಗಾರ ಶುಗರ್ ವರ್ಕ್ಸ್ 1939ರಲ್ಲಿ ಸ್ಥಾಪನೆಯಾಯಿತು. ಮುಂದೆ ಕೃಷ್ಣೆಯ ನೀರು ಹರಿದಲ್ಲೆಲ್ಲ ಅಥಣಿ, ರಾಯಬಾಗ, ಕಾಗವಾಡಗಳ ಹೊಲಗಳಲ್ಲಿ ಕಬ್ಬು ಎದ್ದಿತು. ನಿಪ್ಪಾಣಿಯದು ಮೊದಲಿನಿಂದ ತಂಬಾಕಿನ ಹೆಸರು, ಚಿಕ್ಕೋಡಿ ಕಡೆ ಸೋಯಾ ಬಂದಿತು. ದಿನವಿಡೀ ಹೊಲದಲ್ಲಿ ದುಡಿದ ಅಜ್ಜ ಜೋಳದ ರೊಟ್ಟಿಗೆ ನಂಜಿಕೊಳ್ಳುತ್ತಿದ್ದ ಅದೇ ಹಿಡಿ ಶೇಂಗಾ ಈಗ ಊಟದ ಮೇಲೆ, ಟಿವಿಯ ಮುಂದೆ, ಉಪ್ಪು ಹಚ್ಚಿದ ಪೊಟ್ಟಣದಲ್ಲಿ ಬರುತ್ತದೆ, ಪಕ್ಕದಲ್ಲಿ ಎರಡು ಚಮಚ ಸಕ್ಕರೆಯ ಚಹಾ.