ಜಾಮೀನು ಮುಚ್ಚಳಿಕೆ ಮತ್ತು ಜಾಮೀನುದಾರ (ಹಾಸನ ಸೀಮೆ)

ಬಂಧಿತನಾದವನು ಕರೆದ ದಿನ ತಪ್ಪದೆ ಹಾಜರಾಗುತ್ತೇನೆ, ತಪ್ಪಿದರೆ ಇಂತಿಷ್ಟು ಹಣ ತೆರುತ್ತೇನೆ ಎಂದು ಪೊಲೀಸ್ ಠಾಣೆಗೋ ನ್ಯಾಯಾಲಯಕ್ಕೋ ಬರೆದುಕೊಡುವ ಪತ್ರವೇ ಮುಚ್ಚಳಿಕೆ. ಅವನ ಪರವಾಗಿ ನಿಂತು ಅಷ್ಟೇ ಮೊತ್ತದ ಹೊಣೆ ಹೊರುವವನು ಜಾಮೀನುದಾರ. ಕೋರ್ಟಿನ ಆವರಣದಲ್ಲಿ ಇವೆರಡಕ್ಕೂ ‘ಬಾಂಡು’, ‘ಶ್ಯೂರಿಟಿ’ ಎಂಬ ಮಾತುಗಳೇ ಹೆಚ್ಚು ಬಳಕೆಯಲ್ಲಿವೆ. 2024ರ ಜುಲೈ 1ರಿಂದ ಇವನ್ನು ಆಳುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಅಧ್ಯಾಯ, ಅಂದರೆ 478ರಿಂದ 496ರವರೆಗಿನ ಕಲಮುಗಳು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದೇ ವಿಷಯ 436ರಿಂದ 450ರವರೆಗೆ ಇತ್ತು. ಹಳೆಯ ವಕೀಲರ ಬಾಯಲ್ಲಿ ಈಗಲೂ ಹಳೆಯ ಅಂಕಿಗಳೇ ಓಡಾಡುತ್ತವೆ.

ಸಂಹಿತೆ ಜಾಮೀನುದಾರನಿಂದ ಕೇಳುವುದು ಮಾತು ಮತ್ತು ಅದನ್ನು ತೀರಿಸುವ ಶಕ್ತಿ. ಅವನಿಗೆ ಜಮೀನು ಇರಲೇಬೇಕೆಂದು ಅದು ಎಲ್ಲಿಯೂ ಹೇಳಿಲ್ಲ. ಹಾಗಿದ್ದರೂ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಂಥ ಬೇಸಾಯದ ತಾಲ್ಲೂಕುಗಳಲ್ಲಿ ಜಾಮೀನು ಎಂದರೆ ಬಹುಮಟ್ಟಿಗೆ ಒಂದು ಪಹಣಿ, ಅಂದರೆ ಜಮೀನಿನ ದಾಖಲೆ. ಈ ಲೇಖನ ಹೆಚ್ಚಾಗಿ ಆ ಪಹಣಿಯ ಸುತ್ತಲೇ ಇದೆ.

ಬಂಧನದಿಂದ ಆದೇಶದವರೆಗೆ

ಅಪರಾಧಗಳು ಜಾಮೀನೀಯ, ಜಾಮೀನುರಹಿತ ಎಂದು ಎರಡು ಬಗೆ. ಮೊದಲನೆಯದರಲ್ಲಿ ಬಿಡುಗಡೆ ಆರೋಪಿಯ ಹಕ್ಕು, ಠಾಣಾಧಿಕಾರಿಯೇ ಬಿಡಬೇಕು. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಚನ್ನರಾಯಪಟ್ಟಣ, ಹಾಸನದ ಆಸುಪಾಸು ಅಪಘಾತವಾಗಿ ಅಜಾಗರೂಕ ಚಾಲನೆಯ ಮೊಕದ್ದಮೆ ಬಿದ್ದ ಚಾಲಕ ಸಾಮಾನ್ಯವಾಗಿ ‘ಸ್ಟೇಷನ್ ಬೇಲ್’ ಮೇಲೆ ಹೊರಬರುವುದು ಹೀಗೆ. ಜಾಮೀನುರಹಿತ ಪ್ರಕರಣದಲ್ಲಿ ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು, ಬಿಡುವುದು ಬಿಡದಿರುವುದು ಅವರ ವಿವೇಚನೆ. ಅಲ್ಲಿ ಆಗದಿದ್ದರೆ ಸೆಷನ್ಸ್ ನ್ಯಾಯಾಲಯ, ಅಲ್ಲೂ ಆಗದಿದ್ದರೆ ಬೆಂಗಳೂರಿನ ಹೈಕೋರ್ಟು. ಬಂಧನಕ್ಕೆ ಮೊದಲೇ ಕೇಳುವ ನಿರೀಕ್ಷಣಾ ಜಾಮೀನಿಗೆ 482ನೇ ಕಲಮು. 60 ದಿನದೊಳಗೆ, ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಪ್ರಕರಣವಾದರೆ 90 ದಿನದೊಳಗೆ, ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಆರೋಪದ ಗುಣಾವಗುಣ ನೋಡದೆಯೇ ಜಾಮೀನು ಕೊಡಬೇಕಾಗುತ್ತದೆ.

ಆದೇಶ ಬೇರೆ, ಬಿಡುಗಡೆ ಬೇರೆ

ಜಾಮೀನು ಮಂಜೂರಾಯಿತು ಎಂಬ ಸುದ್ದಿ ಊರಿಗೆ ಮುಟ್ಟಿದ ಕೂಡಲೇ ಆರೋಪಿ ಮನೆಗೆ ಬರುವುದಿಲ್ಲ. ಆದೇಶದಲ್ಲಿ ಸಾಮಾನ್ಯವಾಗಿ ಇಷ್ಟು ರೂಪಾಯಿಯ ಸ್ವಂತ ಮುಚ್ಚಳಿಕೆ, ಅಷ್ಟೇ ಮೊತ್ತಕ್ಕೆ ಒಬ್ಬ ಅಥವಾ ಇಬ್ಬರು ಜಾಮೀನುದಾರರು, ಪ್ರಕರಣ ನಡೆಯುವ ನ್ಯಾಯಾಲಯಕ್ಕೆ ತೃಪ್ತಿಯಾಗುವಂತೆ ಎಂದು ಇರುತ್ತದೆ. ಹೈಕೋರ್ಟು ಕೊಟ್ಟ ಜಾಮೀನಿಗೂ ಶ್ಯೂರಿಟಿಯನ್ನು ಪರಿಶೀಲಿಸುವುದು ಆ ಕೆಳ ನ್ಯಾಯಾಲಯವೇ. ತಡವಾಗುವುದು ಹೆಚ್ಚಾಗಿ ಈ ಹಂತದಲ್ಲಿ. ಅಪಹರಣ ಆರೋಪದ ಪ್ರಕರಣದಲ್ಲಿ ಹೊಳೆನರಸೀಪುರದ ಶಾಸಕ ಎಚ್.ಡಿ. ರೇವಣ್ಣ ಅವರಿಗೆ 2024ರ ಮೇ 13ರಂದು ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ 5 ಲಕ್ಷ ರೂಪಾಯಿಯ ಬಾಂಡು ಮತ್ತು ಇಬ್ಬರ ಜಾಮೀನಿನ ಮೇಲೆ ಷರತ್ತುಬದ್ಧ ಬಿಡುಗಡೆಗೆ ಆದೇಶಿಸಿತು. ಅವರು ಕಾರಾಗೃಹದಿಂದ ಹೊರಬಂದದ್ದು ಮರುದಿನ. ಅನುಕೂಲಸ್ಥರಿಗೆ ಒಂದು ದಿನವಾಗುವ ಈ ಅಂತರ ಕೂಲಿಯವನಿಗೆ ವಾರಗಳೂ ಆಗಬಹುದು.

ಜಾಮೀನುದಾರ ಆಧಾರ್ ಪ್ರತಿ, ಭಾವಚಿತ್ರ, ಆಸ್ತಿಯ ದಾಖಲೆ ಹಿಡಿದು ಖುದ್ದಾಗಿ ಬರಬೇಕು. ಆಸ್ತಿಯ ದಾಖಲೆ ಎಂದರೆ ಪಹಣಿ. ಮನೆಯಾದರೆ ಖಾತೆ, ಕಂದಾಯದ ರಸೀದಿ. ನೌಕರನಾದರೆ ವೇತನ ಪ್ರಮಾಣಪತ್ರವೂ ನಡೆಯುತ್ತದೆ. ಜೊತೆಗೊಂದು ಅಫಿಡವಿಟ್. 486ನೇ ಕಲಮಿನಂತೆ, ಈ ಆರೋಪಿಯೂ ಸೇರಿ ತಾನು ಒಟ್ಟು ಎಷ್ಟು ಜನರಿಗೆ ಜಾಮೀನು ನಿಂತಿದ್ದೇನೆ ಎಂಬುದನ್ನು ಅವನು ಘೋಷಿಸಲೇಬೇಕು. ನ್ಯಾಯಾಧೀಶರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ: ಆರೋಪಿ ನಿನಗೆ ಹೇಗೆ ಗೊತ್ತು, ಜಮೀನು ಎಷ್ಟಿದೆ, ಬೇರೆ ಯಾರಿಗಾದರೂ ಜಾಮೀನು ಕೊಟ್ಟಿದ್ದೀಯಾ, ಇವನು ಓಡಿಹೋದರೆ ಹಣ ಕಟ್ಟಬೇಕಾಗುತ್ತದೆಂದು ಗೊತ್ತಿದೆಯೇ. ಒಪ್ಪಿಗೆಯಾದರೆ ಮುಚ್ಚಳಿಕೆಗೆ ಸಹಿ ಬಿದ್ದು, ಬಿಡುಗಡೆಯ ಆದೇಶ ಕಾರಾಗೃಹಕ್ಕೆ ಹೋಗುತ್ತದೆ.

ಪಹಣಿ

ಕರ್ನಾಟಕದ ಪಹಣಿ (ಆರ್‌ಟಿಸಿ) ಕಂದಾಯ ಇಲಾಖೆಯ ದಾಖಲೆ. ನ್ಯಾಯಾಲಯಕ್ಕೆಂದು ಹುಟ್ಟಿದ್ದಲ್ಲ. ಅದರ 9ನೇ ಕಾಲಮಿನಲ್ಲಿ ಸ್ವಾಧೀನದಾರನ ಹೆಸರು, 11ನೆಯದರಲ್ಲಿ ಇತರ ಹಕ್ಕುಗಳು ಮತ್ತು ಋಣಗಳು ಇರುತ್ತವೆ. ಶ್ಯೂರಿಟಿ ಪರಿಶೀಲನೆಯಲ್ಲಿ ಕಣ್ಣು ಮೊದಲು ಹೋಗುವುದು ಈ ಎರಡು ಕಡೆಗೆ. 11ರಲ್ಲಿ ಸಹಕಾರ ಸಂಘದ್ದೋ ಬ್ಯಾಂಕಿನದ್ದೋ ಬೆಳೆಸಾಲ ಇಲ್ಲದ ಪಹಣಿ ರೈತಾಪಿ ತಾಲ್ಲೂಕಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಸಾಲವಿದ್ದ ಮಾತ್ರಕ್ಕೆ ಜಮೀನು ಬೆಲೆಯಿಲ್ಲದ್ದಾಗುವುದಿಲ್ಲ. ಸಾಲ ಕಳೆದು ಉಳಿಯುವ ಮೌಲ್ಯ ಬಾಂಡಿನ ಮೊತ್ತಕ್ಕೆ ಸಾಕೇ ಎಂಬುದೇ ಸರಿಯಾದ ಪ್ರಶ್ನೆ. ಆದರೆ ಪಹಣಿಯಲ್ಲಿ ಬೆಲೆ ಬರೆದಿರುವುದಿಲ್ಲ. ಹಾಗಾಗಿ ಕೆಲವೊಮ್ಮೆ ತಹಶೀಲ್ದಾರರಿಂದ ಮೌಲ್ಯದ ದೃಢೀಕರಣ ತರಬೇಕಾಗುತ್ತದೆ. ಅದಕ್ಕೆ ಮತ್ತಷ್ಟು ಓಡಾಟ.

ಇದಕ್ಕಿಂತ ದೊಡ್ಡ ತೊಡಕು 9ನೇ ಕಾಲಮಿನದು. ತಾತ ತೀರಿಹೋಗಿ ಎಷ್ಟೋ ವರ್ಷವಾದರೂ ಖಾತೆ ತಾತನ ಹೆಸರಿನಲ್ಲೇ ಇರುವುದು ಈ ಭಾಗದಲ್ಲಿ ಅಪರೂಪವಲ್ಲ. ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗದೆ, ಅಣ್ಣತಮ್ಮಂದಿರ ಪಾಲು ದಾಖಲೆಗೆ ಏರದೆ, ಉಳುವವನೊಬ್ಬ ಪಹಣಿಯಲ್ಲಿರುವವನೊಬ್ಬ ಎಂಬಂತಾಗಿರುತ್ತದೆ. ಹೊಲದಲ್ಲಿ ಒಡೆಯನಾದ ಈ ರೈತ ಕೋರ್ಟಿನಲ್ಲಿ ಆಸ್ತಿಯಿಲ್ಲದವನು. ಜಂಟಿ ಖಾತೆಯಾದರೆ ತನ್ನ ಪಾಲೆಷ್ಟು ಎಂದು ಅವನು ತೋರಿಸಬೇಕು. ಇಲ್ಲವೇ ಉಳಿದವರ ಒಪ್ಪಿಗೆ ತರಬೇಕಾಗಬಹುದು, ಮನೆಯೊಳಗೆ ವ್ಯಾಜ್ಯವಿದ್ದರೆ ಅದೂ ಕೈಗೂಡದು. 2000ರ ದಶಕದ ಆರಂಭದಲ್ಲಿ ಭೂಮಿ ಯೋಜನೆಯಿಂದ ಪಹಣಿಗಳು ಗಣಕೀಕೃತವಾದ ಮೇಲೆ ಕೈಬರಹದ ಪಹಣಿಯ ಕಾಲ ಮುಗಿಯಿತು. ದಾಖಲೆ ಅಸಲಿಯೇ ಎಂದು ನೋಡುವುದು ಸುಲಭವಾಯಿತು. ದಾಖಲೆಯೊಳಗಿನ ಹೆಸರು ಮಾತ್ರ ತಾನಾಗಿ ಬದಲಾಗಲಿಲ್ಲ.

ಮೂರನೆಯ ತೊಡಕು ಮಂಜೂರಾದ ಜಮೀನಿನದು. 1978ರ ಕರ್ನಾಟಕ ಅನುಸೂಚಿತ ಜಾತಿ ಮತ್ತು ಬುಡಕಟ್ಟುಗಳ (ಕೆಲವು ಭೂಮಿಗಳ ಪರಭಾರೆ ನಿಷೇಧ) ಕಾಯಿದೆ, ಅಂದರೆ ರೂಢಿಯ ಪಿಟಿಸಿಎಲ್, ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಅನುಮತಿಯಿಲ್ಲದೆ ಪರಭಾರೆ ಮಾಡುವುದನ್ನು ತಡೆಯುತ್ತದೆ. ಪರಭಾರೆ ಎಂಬುದರಲ್ಲಿ ಭೂಮಿಯ ಮೇಲೆ ಹೊಣೆಭಾರ ಹೊರಿಸುವುದನ್ನೂ ಅದು ಸೇರಿಸಿದೆ. ಜಾಮೀನು ಮುಚ್ಚಳಿಕೆ ಅಡಮಾನವಲ್ಲ, ಬರೆದುಕೊಟ್ಟವನ ವೈಯಕ್ತಿಕ ಹೊಣೆ. ಆದ್ದರಿಂದ ಬರಿಯ ಸಹಿಗೆ ಈ ಕಾಯಿದೆ ಅಡ್ಡಬರಬಾರದು ಎಂದು ವಾದಿಸಬಹುದು. ಆದರೆ ನ್ಯಾಯಾಲಯ ತಹಶೀಲ್ದಾರರಿಗೆ ಬರೆದು ಆ ಹೊಣೆಯನ್ನು ಪಹಣಿಯ 11ನೇ ಕಾಲಮಿಗೆ ಏರಿಸುವಂತೆ ಹೇಳಿದರೆ ಪ್ರಶ್ನೆ ಬೇರೆಯಾಗುತ್ತದೆ. ದುರ್ಬಲನ ಭೂಮಿಯನ್ನು ಕಾಪಾಡಲೆಂದು ಬಂದ ಕಾಯಿದೆ, ಅವನ ತಮ್ಮನಿಗೆ ಜಾಮೀನು ಸಿಗುವುದನ್ನು ಕಷ್ಟವಾಗಿಸುವ ಈ ಸಂದರ್ಭ ಇನ್ನೂ ಹೆಚ್ಚಿನ ಗಮನಕ್ಕೆ ಅರ್ಹ.

ಮಿತಾಕ್ಷರದ ಪ್ರತಿಭೂ

ಜಾಮೀನುದಾರನ ಹೊಣೆ ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಕನ್ನಡ ನಾಡಿನಲ್ಲೇ ಬರೆದ ಹಳೆಯ ಚರ್ಚೆಯೊಂದಿದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (ಆಳ್ವಿಕೆ 1076–1126) ಕಾಲದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರ ವ್ಯಾಖ್ಯಾನವನ್ನು ಎಲ್ಲರೂ ನೆನೆಯುವುದು ದಾಯವಿಭಾಗದ, ಅಂದರೆ ಪಿತ್ರಾರ್ಜಿತ ಆಸ್ತಿ ಹಂಚಿಕೆಯ, ಕಾರಣಕ್ಕೆ. ಅದರ ವ್ಯವಹಾರಾಧ್ಯಾಯದ ಪ್ರತಿಭೂ ಪ್ರಕರಣವನ್ನು ಓದುವವರು ಕಡಿಮೆ.

ಸ್ಮೃತಿಯ ಪ್ರಕಾರ ವ್ಯಾಜ್ಯ ಆರಂಭವಾದಾಗ ವಾದಿ, ಪ್ರತಿವಾದಿ ಇಬ್ಬರಿಂದಲೂ ಶಕ್ತನಾದ ಪ್ರತಿಭೂವನ್ನು, ಅಂದರೆ ಹೊಣೆಗಾರನನ್ನು, ಪಡೆಯಬೇಕು. ಹೊಣೆಗಾರ ಸಿಗದವನನ್ನು ಕಾವಲಿನಲ್ಲಿ ಇಡಬೇಕು, ಆ ಕಾವಲುಗಾರನ ದಿನಗೂಲಿಯನ್ನು ಸಂಜೆ ಅವನೇ ಕೊಡಬೇಕು ಎಂಬುದು ಸ್ಮೃತಿಕಾರ ಕಾತ್ಯಾಯನನ ಹೆಸರಿನ ನಿಯಮ. ಪ್ರತಿಭೂಗಳಲ್ಲಿ ಮೂರು ಬಗೆ: ಹಾಜರುಪಡಿಸುವೆನೆಂದು ನಿಲ್ಲುವವನು, ಇವನು ನಂಬಿಕಸ್ಥ ಎಂದು ಭರವಸೆ ಕೊಡುವವನು, ಇವನು ತೀರಿಸದಿದ್ದರೆ ನಾನು ತೀರಿಸುವೆ ಎನ್ನುವವನು. ಮಾತು ಸುಳ್ಳಾದರೆ ಮೂವರೂ ತೆರಬೇಕು. ಆದರೆ ಮೊದಲಿಬ್ಬರು ಸತ್ತರೆ ಅವರ ಮಕ್ಕಳ ಮೇಲೆ ಆ ಋಣ ಬೀಳದು, ಮೂರನೆಯವನದು ಮಾತ್ರ ಮಕ್ಕಳಿಗೆ ಇಳಿಯುತ್ತದೆ. ತಪ್ಪಿಸಿಕೊಂಡವನನ್ನು ಹುಡುಕಿ ತರಲು ಹೊಣೆಗಾರನಿಗೆ ಮೂರು ಪಕ್ಷಗಳ ಅವಧಿ ಕೊಡಬೇಕು, ತಂದು ಒಪ್ಪಿಸಿದರೆ ಅವನು ಬಿಡುಗಡೆ ಎಂದೂ ಕಾತ್ಯಾಯನ ಹೇಳುತ್ತಾನೆ.

ಇನ್ನೊಂದು ನಿಯಮ ಇಂದಿನ ಓದುಗನಿಗೆ ವಿಚಿತ್ರವೆನಿಸಬಹುದು. ಪಾಲಾಗದ ಅಣ್ಣತಮ್ಮಂದಿರು, ತಂದೆ ಮಕ್ಕಳು, ಗಂಡ ಹೆಂಡತಿ ಒಬ್ಬರಿಗೊಬ್ಬರು ಜಾಮೀನು ನಿಲ್ಲುವಂತಿಲ್ಲ. ಇಬ್ಬರದೂ ಒಂದೇ ಗಂಟಾದಾಗ ಒಬ್ಬ ಇನ್ನೊಬ್ಬನಿಗೆ ಹೊಣೆಯಾಗುವುದರಲ್ಲಿ ಅರ್ಥವಿಲ್ಲ ಎಂಬುದು ಇದರ ಹಿಂದಿನ ಯೋಚನೆ ಇರಬೇಕು. ಇಂದು ಅಣ್ಣನಿಗೆ ತಮ್ಮ, ಮಗನಿಗೆ ತಂದೆಯೇ ಮೊದಲ ಶ್ಯೂರಿಟಿ.

ಹಾಗೆಂದು ಇಂದಿನ ಜಾಮೀನು ಕಾನೂನಿಗೆ ಮಿತಾಕ್ಷರವೇ ಮೂಲ ಎಂದರೆ ತಪ್ಪಾದೀತು. ಯಾಜ್ಞವಲ್ಕ್ಯನ ಮೂರು ಬಗೆಯ ಪ್ರತಿಭೂಗಳು ಬರುವುದು ಋಣಾದಾನದ, ಅಂದರೆ ಸಾಲದ ವ್ಯವಹಾರದ ಪ್ರಸಂಗದಲ್ಲಿ. ಈಗಿನ ವಿಧಿಗಳು ಇಂಗ್ಲಿಷ್ ಕಾನೂನಿನಿಂದ 1861, 1882, 1898ರ ದಂಡ ಪ್ರಕ್ರಿಯಾ ಸಂಹಿತೆಗಳ ಮೂಲಕ ಬಂದವು. ಆದರೂ ಒಂದು ಹೋಲಿಕೆ ಗಮನಾರ್ಹ. ಬಾಂಡು ಮುಟ್ಟುಗೋಲಾಗುವ ಮೊದಲೇ ಜಾಮೀನುದಾರ ಸತ್ತರೆ ಅವನ ಆಸ್ತಿ ಎಲ್ಲ ಹೊಣೆಯಿಂದ ಮುಕ್ತ ಎಂದು ಸಂಹಿತೆಯ 491(4)ನೇ ಕಲಮು ಹೇಳುತ್ತದೆ. ಹಾಜರಾತಿಯ ಹೊಣೆ ಮಕ್ಕಳಿಗೆ ಇಳಿಯದು ಎಂಬ ಹಳೆಯ ನಿಲುವೂ ಬಹುಪಾಲು ಇದೇ.

ಬಾಡಿಗೆ ಜಾಮೀನು

ಅಮೆರಿಕದಲ್ಲಿ ಶುಲ್ಕ ಪಡೆದು ಜಾಮೀನು ನಿಲ್ಲುವುದು ಪರವಾನಗಿ ಪಡೆದ ಉದ್ಯಮ. ಭಾರತದಲ್ಲಿ ಅಂಥ ಉದ್ಯಮಕ್ಕೆ ಜಾಗವಿಲ್ಲ. ನೀನು ಕಳೆದುಕೊಂಡದ್ದನ್ನು ನಾನು ತುಂಬಿಕೊಡುತ್ತೇನೆ ಎಂದು ಆರೋಪಿ ಶ್ಯೂರಿಟಿಯೊಡನೆ ಮಾಡಿಕೊಳ್ಳುವ ಒಪ್ಪಂದವನ್ನು 19ನೇ ಶತಮಾನದಿಂದಲೇ ನ್ಯಾಯಾಲಯಗಳು ಸಾರ್ವಜನಿಕ ನೀತಿಗೆ ವಿರುದ್ಧವೆಂದು ತಳ್ಳಿಹಾಕಿವೆ. ಕಳೆದುಕೊಳ್ಳುವ ಭಯವಿಲ್ಲದ ಜಾಮೀನುದಾರ ಆರೋಪಿಯ ಮೇಲೆ ಕಣ್ಣಿಡಲಾರ ಎಂಬುದು ಕಾರಣ. ಬೇಡಿಕೆ ಮಾತ್ರ ಇದ್ದೇ ಇದೆ. ಬೆಂಗಳೂರಿನಲ್ಲಿ ನಕಲಿ ದಾಖಲೆ ಹಿಡಿದು ಜಾಮೀನು ನಿಲ್ಲುವ ಜಾಲಗಳನ್ನು ಕೇಂದ್ರ ಅಪರಾಧ ವಿಭಾಗದ (ಸಿಸಿಬಿ) ಪೊಲೀಸರು ಒಂದಕ್ಕಿಂತ ಹೆಚ್ಚು ಸಲ ಹಿಡಿದಿದ್ದಾರೆ.

ಪಹಣಿ ಇಲ್ಲದವರು

ಮಧ್ಯಪ್ರದೇಶದ ಗಾರೆ ಕೆಲಸದವನೊಬ್ಬನಿಗೆ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದರು. ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂಬ ಕಾರಣಕ್ಕೆ ಆ ಜಾಮೀನನ್ನು ಒಪ್ಪಲಿಲ್ಲ. ಇದೇ 1978ರ ಮೋತಿರಾಮ್ ಪ್ರಕರಣ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವನನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿದರು, ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಟವನ್ನು ಖಂಡಿಸಿದರು. ಮರುವರ್ಷದ ಹುಸೈನಾರಾ ಖಾತೂನ್ ಪ್ರಕರಣ ಬಿಹಾರದ ಸೆರೆಮನೆಗಳ ಬಡ ವಿಚಾರಣಾಧೀನರನ್ನು ದೇಶದ ಕಣ್ಣಮುಂದೆ ತಂದಿತು. ಜಾಮೀನೀಯ ಪ್ರಕರಣದಲ್ಲಿ ವಾರದೊಳಗೆ ಜಾಮೀನು ಒದಗಿಸಲಾಗದವನನ್ನು ಬಡವನೆಂದೇ ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂಬ ನಿಯಮ 2005ರ ತಿದ್ದುಪಡಿಯಿಂದ ಬಂತು.

ಜಾಮೀನುರಹಿತ ಪ್ರಕರಣಗಳಿಗೆ ಆ ವಾರದ ನಿಯಮ ಅನ್ವಯಿಸದು. ಅಂಥ ಪ್ರಕರಣಗಳ ಬಡ ಕೈದಿಗಳಿಗೆ ನೆರವಾಗಬಲ್ಲದ್ದು 2023ರ ಜನವರಿ 31ರ ಸುಪ್ರೀಂ ಕೋರ್ಟಿನ ನಿರ್ದೇಶನ. ಜಾಮೀನು ಸಿಕ್ಕ ಏಳು ದಿನದಲ್ಲಿ ಕೈದಿ ಹೊರಬರದಿದ್ದರೆ ಕಾರಾಗೃಹದ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಂಗಳಾದರೂ ಬಾಂಡು ಬರೆಯಲಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಯೋಚಿಸಬಹುದು. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳ ಜಾಮೀನು ಹಣಕ್ಕಾಗಿ ಯೋಜನೆಯೊಂದನ್ನು ತಂದಿತು. ವಿಚಾರಣಾಧೀನರಿಗೆ ಆಗ ಇಟ್ಟ ಮಿತಿ 40,000 ರೂಪಾಯಿ. ಶ್ಯೂರಿಟಿಯ ಬದಲು ನಗದು ಠೇವಣಿ ಇಡಲು 490ನೇ ಕಲಮು ಅವಕಾಶ ಕೊಡುತ್ತದೆ. ಹಾಸನದ ಕಾಫಿ ತೋಟಗಳಿಗೆ ಹೊರರಾಜ್ಯಗಳಿಂದ ಬಂದ ಕೂಲಿಯವರಂಥವರಿಗೆ, ಊರಿನಲ್ಲಿ ಒಬ್ಬರ ಪರಿಚಯವೂ ಇಲ್ಲದಿರುವಾಗ, ಇದೊಂದೇ ದಾರಿ ಉಳಿಯಬಹುದು.

ಮುಟ್ಟುಗೋಲು ಮತ್ತು ಹೊಣೆಮುಕ್ತಿ

ಆರೋಪಿ ವಾಯಿದೆಗೆ ಬರದಿದ್ದರೆ ಬಾಂಡು ಮುಟ್ಟುಗೋಲಾಗುತ್ತದೆ. ಹಣ ವಸೂಲಿಗೆ ಮುನ್ನ ಜಾಮೀನುದಾರನಿಗೆ ನೋಟಿಸು ಕೊಟ್ಟು ಕಾರಣ ಕೇಳಲೇಬೇಕೆಂದು ಸುಪ್ರೀಂ ಕೋರ್ಟು 1960ರಲ್ಲೇ ಹೇಳಿದೆ. ಆರೋಪಿಯ ಬಾಂಡು, ಶ್ಯೂರಿಟಿಯ ಬಾಂಡು ಬೇರೆಬೇರೆ ಹೊಣೆಗಳು, ಒಬ್ಬ ಕಟ್ಟಿದನೆಂದು ಇನ್ನೊಬ್ಬನು ಪಾರಾಗಲಾರ. ಇದು ಕರ್ನಾಟಕದಿಂದಲೇ ಹೋದ 1999ರ ಮೊಹಮ್ಮದ್ ಕುಂಜು ಪ್ರಕರಣದ ತೀರ್ಮಾನ. ಕಟ್ಟದಿದ್ದರೆ ದಂಡದಂತೆ ವಸೂಲಿ, ಜಿಲ್ಲಾಧಿಕಾರಿಯ ಮೂಲಕ ಭೂಕಂದಾಯದ ಬಾಕಿಯಂತೆ ವಸೂಲಿಗೂ ದಾರಿಯಿದೆ. ಯಾವುದರಿಂದಲೂ ಹಣ ಹುಟ್ಟದಿದ್ದರೆ ಜಾಮೀನುದಾರನಿಗೆ ಆರು ತಿಂಗಳವರೆಗೆ ಸಿವಿಲ್ ಸೆರೆಯಾಗಬಹುದು. ಆರೋಪಿಯನ್ನು ಹುಡುಕಿ ತಂದು ನಿಲ್ಲಿಸಿದವನಿಗೆ ಮೊತ್ತದಲ್ಲಿ ಒಂದು ಭಾಗ ಬಿಟ್ಟುಕೊಡುವ ಅಧಿಕಾರ ನ್ಯಾಯಾಲಯಕ್ಕಿದೆ. ಅಂಥ ಪ್ರಯತ್ನಕ್ಕೆ ಬೆಲೆ ಕೊಡುವುದೂ ಉಂಟು.

ಆರೋಪಿಯ ನಡತೆ ಸರಿ ಕಾಣದೆ ಹಿಂದೆ ಸರಿಯಬೇಕೆನಿಸಿದ ಜಾಮೀನುದಾರ 489ನೇ ಕಲಮಿನಡಿ ಅರ್ಜಿ ಹಾಕಬಹುದು. ಆಗ ಆರೋಪಿಗೆ ವಾರಂಟು ಹೋಗುತ್ತದೆ. ಅವನು ಬಂದು ಬೇರೆ ಜಾಮೀನು ಕೊಡಬೇಕು, ಇಲ್ಲವೇ ಜೈಲಿಗೆ ಹೋಗಬೇಕು. ಖುಲಾಸೆಯ ತೀರ್ಪು ಬಂದರೂ ಎಲ್ಲ ಅಲ್ಲಿಗೇ ಮುಗಿಯಿತೆನ್ನಲಾಗದು. ಮೇಲ್ಮನವಿಯಾದರೆ ಹಾಜರಾಗಲೆಂದು 481ನೇ ಕಲಮಿನಡಿ ಪಡೆಯುವ ಬಾಂಡು ಆರು ತಿಂಗಳು ಜಾರಿಯಲ್ಲಿರುತ್ತದೆ. ಪಹಣಿಯ 11ನೇ ಕಾಲಮಿಗೆ ಏರಿದ ನಮೂದು ಇದ್ದರೆ, ಅದನ್ನು ತೆಗೆಸಲು ನ್ಯಾಯಾಲಯದ ಪತ್ರ ಹಿಡಿದು ತಾಲ್ಲೂಕು ಕಚೇರಿಗೆ ಜಾಮೀನುದಾರನೇ ಹೋಗಬೇಕಾದೀತು. ಮುಂದಿನ ಬೆಳೆಸಾಲಕ್ಕೆ ಬ್ಯಾಂಕಿನವರು ಕೇಳುವುದೂ ಆ ಪಹಣಿಯನ್ನೇ.